ಕಾಲು ಬೆಲೆಗೆ ಬೋಬಾ ಫೆಟ್: ಕೊಳ್ಳಲೋ ಬೇಡವೋ?

ಪ್ರಶ್ನೆ: ಮಗಳಿಗೆಂದು ತಂದ, ಆಕಾಶಹಡಗಿನ ಮಾದರಿಯಾದ ಒಂದು ಎಕ್ಸ್-ವಿಂಗ್‌ನಿಂದ ಶುರುವಾಗಿ ಈಗ ಸ್ಟಾರ್ ವಾರ್ಸ್ ಲೆಗೊ ಸಂಗ್ರಹದ ಹುಚ್ಚು ನನಗೇ ಹತ್ತಿದೆ. ಬಾಕ್ಸ್ ಒಡೆಯದೆ ಇಟ್ಟರೆ ಮುಂದೆ ಒಳ್ಳೆ ಬೆಲೆ ಬರುತ್ತದೆ ಅನ್ನುತ್ತಾರೆ, ನಿಜವೇ? ಸೆಟ್ ಕೊಳ್ಳುವುದೋ, ಬಿಡಿ ಮಿನಿಫಿಗರ್, ಅಂದರೆ ಅದರೊಳಗಿನ ಪುಟ್ಟ ಬೊಂಬೆ, ಕೊಳ್ಳುವುದೋ? ಒಬ್ಬರು 2003ರ ಕ್ಲೌಡ್ ಸಿಟಿ ಸೆಟ್‌ನ ಬೋಬಾ ಫೆಟ್ (ಸ್ಟಾರ್ ವಾರ್ಸ್‌ನ ಹೆಲ್ಮೆಟ್ ತೊಟ್ಟ ಪಾತ್ರ) ಎಂದು ಹೇಳಿ ಒಂದು ಫಿಗರನ್ನು ಮಾರುಕಟ್ಟೆ ಬೆಲೆಯ ಕಾಲುಭಾಗಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ? ಜೊತೆಗೆ ದೊಡ್ಡಪ್ಪನ ಮಗ ತನ್ನ ಹಳೆಯ ಇಟ್ಟಿಗೆಗಳನ್ನು ಒಂದು ಡಬ್ಬ ತುಂಬ ಕೊಟ್ಟಿದ್ದಾನೆ. ಬೂದು ಬಣ್ಣವೇ ಹೆಚ್ಚು, ಅದೂ ಎರಡು ಥರದ ಬೂದು. ಅದನ್ನೇನು ಮಾಡಲಿ?

ಉತ್ತರ: ಬೋಬಾ ಫೆಟ್ ವಿಷಯ ಮೊದಲು ಮುಗಿಸೋಣ, ಮಾರುವವರು ನಿಮ್ಮ ಮಾತಿಗೆ ಕಾದಿರಬಹುದು. ಫಿಗರನ್ನು ಕೈಗೆ ತೆಗೆದುಕೊಂಡು ಬಿಡಿಸಿ ನೋಡಲು ಅವರು ಒಪ್ಪದಿದ್ದರೆ ಬೇಡ ಎಂದುಬಿಡಿ. ಒಪ್ಪಿದರೆ ಮುಂದೆ ಓದಿ.

ಅದಕ್ಕೆ ಯಾಕಷ್ಟು ಬೆಲೆ ಎಂದು ತಿಳಿದರೆ ಎಲ್ಲಿ ಕಣ್ಣಿಡಬೇಕು ಎಂಬುದೂ ತಿಳಿಯುತ್ತದೆ. 2003ರಲ್ಲಿ ಬಂದ ಕ್ಲೌಡ್ ಸಿಟಿ ಸೆಟ್‌ನ ಸಂಖ್ಯೆ 10123, ಬಿಡಿಭಾಗಗಳು 698. ಇವತ್ತಿನ ಸೆಟ್‌ಗಳ ಪಕ್ಕ ಇಟ್ಟರೆ ಬಡಕಲು ಎನಿಸುತ್ತದೆ, ನೋಡಲೂ ಅಂಥ ಚಂದವಿಲ್ಲ. ಆದರೆ ಆಗಿನ ಹೆಚ್ಚಿನ ಮಿನಿಫಿಗರ್‌ಗಳಿಗೆ ಮುಖ ಮತ್ತು ಎದೆಯ ಮೇಲಷ್ಟೇ ಪ್ರಿಂಟ್ ಇರುತ್ತಿದ್ದ ಕಾಲದಲ್ಲಿ ಈ ಬೋಬಾ ಫೆಟ್‌ಗೆ ತೋಳಿನ ಮೇಲೂ ಕಾಲಿನ ಮೇಲೂ ಪ್ರಿಂಟ್ ಇತ್ತು. ಸಂಗ್ರಹಕಾರರು ಮುಗಿಬೀಳುವುದು ಅದಕ್ಕೇ. ನಾಲ್ಕು ಸೆಂಟಿಮೀಟರ್ ಎತ್ತರದ ಈ ಬೊಂಬೆ ಇವತ್ತು ಎಷ್ಟೋ ದೊಡ್ಡ ಹೊಸ ಸೆಟ್‌ಗಳಿಗಿಂತ ದುಬಾರಿ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಈ ಹವ್ಯಾಸದಲ್ಲಿ ದಿನನಿತ್ಯದ ಸತ್ಯ. ಇಷ್ಟು ಬೆಲೆ ಇದ್ದ ಮೇಲೆ ನಕಲು ಮಾಡುವವರು ಸುಮ್ಮನಿರುತ್ತಾರೆಯೇ?

ನಕಲಿಯಲ್ಲಿ ಮೂರು ಬಗೆ. ಪೂರ್ತಿ ನಕಲಿ ಮೊದಲನೆಯದು, ಹಿಡಿಯುವುದು ಸುಲಭ. ಪ್ಲಾಸ್ಟಿಕ್ಕೇ ಮೇಣದಂತೆ ಜಾರುತ್ತದೆ, ಕಾಲುಗಳು ಸಡಿಲ, ಅಂಚುಗಳಲ್ಲಿ ಅಚ್ಚಿನ ಗೆರೆ ಎದ್ದು ಕಾಣುತ್ತದೆ. ಎರಡನೆಯದು ಬೆರಕೆ: ಎಲ್ಲ ಭಾಗವೂ ಲೆಗೊದ್ದೇ, ಆದರೆ ಎದೆ ಒಂದು ವರ್ಷದ್ದು, ಹೆಲ್ಮೆಟ್ ಇನ್ನೊಂದು ವರ್ಷದ್ದು. ಮಾರುವವರಿಗೂ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ, ಮನೆಯಲ್ಲಿ ಮಕ್ಕಳು ತಲೆ ಅದಲುಬದಲು ಮಾಡಿರುತ್ತಾರೆ ಅಷ್ಟೇ. ಮೂರನೆಯದು ನಿಜಕ್ಕೂ ಅಪಾಯದ್ದು. ಅಸಲಿ ಲೆಗೊ ಭಾಗಗಳನ್ನೇ ತಂದು ಅವುಗಳ ಮೇಲೆ ಹೊರಗಿನವರು ಪ್ರಿಂಟ್ ಹಾಕಿರುತ್ತಾರೆ. "ಕುತ್ತಿಗೆ ಮೇಲೆ ಲೆಗೊ ಎಂದು ಬರೆದಿದೆಯಾ ನೋಡಿ, ಇದ್ದರೆ ಅಸಲಿ" ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಈ ಮೂರನೆಯ ಬಗೆಯ ಮುಂದೆ ಅದು ನಡೆಯುವುದಿಲ್ಲ.

ಹಾಗಾಗಿ ಪರೀಕ್ಷೆ ಹೀಗಿರಲಿ. ಹಗಲು ಬೆಳಕಿನಲ್ಲಿ ಕೂತುಕೊಳ್ಳಿ, ಒಂದು ಭೂತಗನ್ನಡಿ ಮತ್ತು ಫೋನಿನ ಟಾರ್ಚ್ ಜೊತೆಗಿರಲಿ. ಹೆಲ್ಮೆಟ್ ತೆಗೆದು, ತಲೆಯನ್ನು ಮೇಲಕ್ಕೆಳೆದು ಬಿಡಿಸಿ. ಕುತ್ತಿಗೆಯ ಗೂಟದ ತುದಿಯಲ್ಲೂ ತಲೆಯ ಮೇಲೆ ಉಬ್ಬಿರುವ ಸ್ಟಡ್‌ನಲ್ಲೂ ಕಣ್ಣು ಕಿರಿದು ಮಾಡಿದರಷ್ಟೇ ಓದಲಾಗುವ ಅಕ್ಷರಗಳಲ್ಲಿ ಲೆಗೊ ಎಂದಿರಬೇಕು. ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು, ಎದ್ದು ಬನ್ನಿ. ಇದ್ದರೆ ಈಗ ಪ್ರಿಂಟ್ ನೋಡಿ. ಲೆಗೊ ಬಳಸುವುದು ಪ್ಯಾಡ್ ಪ್ರಿಂಟಿಂಗ್, ಅಂದರೆ ಮೆತ್ತನೆಯ ಸಿಲಿಕೋನ್ ಪ್ಯಾಡ್‌ನಿಂದ ಒಂದೊಂದೇ ಬಣ್ಣವನ್ನು ಒತ್ತುವ ವಿಧಾನ. ಅದರಲ್ಲಿ ಒಂದು ಬಣ್ಣ ಒಂದೇ ಹಾಳೆಯಂತೆ ಕೂತಿರುತ್ತದೆ, ಗೆರೆಯ ಅಂಚು ಚೂಪಾಗಿರುತ್ತದೆ. ಆಮೇಲೆ ಹಾಕಿದ ಪ್ರಿಂಟ್ ಬಹುತೇಕ ಇಂಕ್‌ಜೆಟ್‌ನದ್ದು. ಭೂತಗನ್ನಡಿ ಹಿಡಿದರೆ ಬಣ್ಣ ಚುಕ್ಕಿಚುಕ್ಕಿಯಾಗಿ ಒಡೆಯುತ್ತದೆ, ಉಗುರಿನ ತುದಿ ಆಡಿಸಿದರೆ ಉಬ್ಬು ತಾಗುತ್ತದೆ. ತೋಳಿನ ಬಾಗಿದ ಜಾಗದಲ್ಲಿ ನೋಡಿದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಬಾಗಿದ ಮೈಯಲ್ಲಿ ನೇರ ಗೆರೆ ಕೂರಿಸುವುದು ಸುಲಭದ ಕೆಲಸವಲ್ಲ.

ಮುಂದೆ ತೊಡುಗೆಯ ವಯಸ್ಸು. ಸುಮಾರು 2015ರ ತನಕ ಲೆಗೊ ಕೇಪ್‌ಗಳು ಗಂಜಿ ಹಾಕಿದ ಬಟ್ಟೆಯ ಹಾಗೆ ಗರಿಗರಿಯಾಗಿರುತ್ತಿದ್ದವು. ಆಮೇಲೆ ಮೆತ್ತನೆಯ ಬಟ್ಟೆ ಬಂತು. 2003ರದ್ದು ಎಂದು ಹೇಳುವ ಯಾವುದೇ ಫಿಗರ್‌ನ ಹೆಗಲ ಮೇಲೆ ಮೆತ್ತನೆಯ ಬಟ್ಟೆ ಇದ್ದರೆ ಅದನ್ನು ಬದಲಿಸಲಾಗಿದೆ ಎಂದೇ ಅರ್ಥ. ಬದಲಿಸಿದ್ದು ಅಪರಾಧವೇನಲ್ಲ, ಆದರೆ ಬೆಲೆಯಲ್ಲಿ ಕಳೆಯಬೇಕು. ಕೊನೆಗೆ ಬಿರುಕು. ಎದೆಭಾಗದ ಎರಡೂ ಪಕ್ಕಗಳಲ್ಲಿ, ಕಂಕುಳಿನ ಕೆಳಗೆ, ಕಾಲು ಸಿಕ್ಕಿಸುವ ಕೆಳಮೂಲೆಗಳಲ್ಲಿ ಟಾರ್ಚನ್ನು ಅಡ್ಡವಾಗಿ ಹಿಡಿಯಿರಿ. ಕೂದಲೆಳೆಯಷ್ಟು ಬಿರುಕಿದ್ದರೂ ಬೆಳಕು ಅಲ್ಲಿ ಮುರಿದು ಕಾಣುತ್ತದೆ. ಎದುರಿನಿಂದ ತೆಗೆದ ಫೋಟೋದಲ್ಲಿ ಇದು ಎಂದೂ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಆಮೇಲಿನ ವರ್ಷಗಳಲ್ಲೂ ತೋಳಿಗೆ ಪ್ರಿಂಟ್ ಇರುವ ಬೋಬಾ ಫೆಟ್‌ಗಳು ಬಂದಿವೆ. ಲೆಗೊ ಭಾಗ, ಫಿಗರ್ ಕೊಂಡು ಮಾರುವ ಬ್ರಿಕ್‌ಲಿಂಕ್ ತಾಣದಲ್ಲಿ ಪ್ರತಿ ಸ್ಟಾರ್ ವಾರ್ಸ್ ಫಿಗರ್‌ಗೂ ಎಸ್‌ಡಬ್ಲ್ಯೂ ಅಕ್ಷರಗಳಿಂದ ಶುರುವಾಗುವ ಒಂದು ಸಂಖ್ಯೆ ಇದೆ. ಆ ಪುಟ ತೆರೆದು ಚಿತ್ರದ ಜೊತೆ ಗೆರೆಗೆ ಗೆರೆ ತಾಳೆ ನೋಡಿ. ಇನ್ನು ಆ ಕಾಲು ಬೆಲೆ. ಬೆಲೆ ಗೊತ್ತಿಲ್ಲದವರು ಅಗ್ಗಕ್ಕೆ ಕೊಡುವುದುಂಟು, ಹಾಗೆ ಸಿಕ್ಕವರ ಕಥೆಗಳೂ ಇವೆ. ಆದರೆ ಬೆಲೆ ಗೊತ್ತಿಲ್ಲದವರು "ಹಳೇ ಲೆಗೊ ಬೊಂಬೆ ಒಂದಿದೆ" ಅನ್ನುತ್ತಾರೆ. ಸೆಟ್‌ನ ಹೆಸರು, ವರ್ಷ ಎಲ್ಲ ನಾಲಿಗೆ ತುದಿಯಲ್ಲಿರುವವರಿಗೆ ಬೆಲೆಯೊಂದು ಮಾತ್ರ ಗೊತ್ತಿಲ್ಲ ಎಂದರೆ ನನಗಂತೂ ನಂಬಿಕೆ ಬರುವುದಿಲ್ಲ.

ಈಗ ಒಡೆಯದ ಬಾಕ್ಸ್. ಬೆಲೆ ಏರುತ್ತದೆ ಎಂಬ ಮಾತಿಗೆ ಆಧಾರ ಇಲ್ಲದಿಲ್ಲ. ರಷ್ಯಾದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 1987ರಿಂದ 2015ರವರೆಗಿನ 2322 ಲೆಗೊ ಸೆಟ್‌ಗಳ ಬೆಲೆ ನೋಡಿ, ಸರಾಸರಿ ವರ್ಷಕ್ಕೆ ಶೇಕಡಾ 11ರಷ್ಟು ಏರಿಕೆ ಕಂಡರು. ಈ ಸಂಖ್ಯೆಯನ್ನು ಎಲ್ಲರೂ ಹೇಳುತ್ತಾರೆ. ಅದು ಸರಾಸರಿ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕೆಲವು ಸೆಟ್‌ಗಳು ಹತ್ತಾರು ಪಟ್ಟು ಏರಿದರೆ ಎಷ್ಟೋ ಸೆಟ್‌ಗಳು ಕೊಂಡ ಬೆಲೆಗೂ ಹೋಗುವುದಿಲ್ಲ. ನೀವು ಕೊಳ್ಳುವುದು ಎರಡು ಸಾವಿರ ಸೆಟ್‌ಗಳ ಸರಾಸರಿಯನ್ನಲ್ಲ, ಮೂರೋ ನಾಲ್ಕೋ ಬಾಕ್ಸ್‌ಗಳನ್ನು. ಮೇಲೆ ಮಾರುವ ತಾಣದ ಕಮಿಷನ್, ಸಾಗಣೆ ಖರ್ಚು, ವರ್ಷಗಟ್ಟಲೆ ಬಾಕ್ಸ್‌ನ ಮೂಲೆ ಮುದುಡದ ಹಾಗೆ ಕಾಯುವ ಪಾಡು. ಅಂಗಡಿಯಲ್ಲಿ ಒಂದು ಸೆಟ್ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಇರುತ್ತದೆ, ದೊಡ್ಡವು ಇನ್ನೂ ಹೆಚ್ಚು. ಬೆಲೆ ಅಲುಗಾಡುವುದು ಅದರ ತಯಾರಿ ನಿಂತ ಮೇಲೆ.

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಲೆಗೊ ಕಂಪನಿಯೇ. ಮಿಲೇನಿಯಂ ಫಾಲ್ಕನ್‌ನ ಕಥೆ ನೋಡಿ. 2007ರಲ್ಲಿ ಅಲ್ಟಿಮೇಟ್ ಕಲೆಕ್ಟರ್ ಸೀರೀಸ್‌ನಲ್ಲಿ 10179 ಸಂಖ್ಯೆಯ ಫಾಲ್ಕನ್ ಬಂತು, ಐದು ಸಾವಿರಕ್ಕೂ ಹೆಚ್ಚು ಭಾಗಗಳು. ನಿಂತ ಮೇಲೆ ಬೆಲೆ ಗಗನಕ್ಕೇರಿತು. ಹೂಡಿಕೆಗೆಂದೇ ಲೆಗೊ ಕೊಳ್ಳುವವರ ಬಾಯಲ್ಲಿ ಅದು ಬಂಗಾರದ ಗಟ್ಟಿಯಾಯಿತು. 2017ರಲ್ಲಿ ಕಂಪನಿ 7541 ಭಾಗಗಳ ಹೊಸ ಫಾಲ್ಕನ್ 75192 ತಂದಿತು. ಹೊಸದು ಎಲ್ಲ ರೀತಿಯಲ್ಲೂ ಮೇಲು, ಅಂಗಡಿಯಲ್ಲೇ ಸಿಗುತ್ತಿತ್ತು, ಹಳೆಯದರ ಆಗಿನ ಬೆಲೆಗಿಂತ ಕಡಿಮೆ. ಹಳೆಯದರ ಬೆಲೆ ಜರ್ರನೆ ಇಳಿಯಿತು. ಹೊಸದಾದರೂ ಹಲವು ವರ್ಷ ಕಳೆದರೂ ಅಂಗಡಿಯಿಂದ ಹೋಗಲಿಲ್ಲ, ಹಾಗಾಗಿ ಅದನ್ನು ಬಚ್ಚಿಟ್ಟವರೂ ಕಾಯುತ್ತಲೇ ಕೂತರು. ಡೆತ್ ಸ್ಟಾರ್‌ಗೂ ಇದೇ ಗತಿ: 2008ರ 10188 ಕಪಾಟಿನಿಂದ ಇಳಿದ ಬೆನ್ನಲ್ಲೇ 2016ರಲ್ಲಿ ಹೆಚ್ಚುಕಡಿಮೆ ಅದೇ ರೂಪದ 75159 ಬಂತು, 2025ರಲ್ಲಿ 9023 ಭಾಗಗಳ ಮತ್ತೊಂದು. ನಿಮ್ಮ ಮನೆಗೆ ಮೊದಲು ಬಂದ ಎಕ್ಸ್-ವಿಂಗ್‌ ಅಂತೂ ಕಲೆಕ್ಟರ್ ಸರಣಿಯಲ್ಲೇ 2000, 2013, 2023 ಹೀಗೆ ಮೂರು ಸಲ ಬಂದಿದೆ. ಹೆಸರಾಂತ ಹಡಗು ಮತ್ತೆ ಬರುವುದಿಲ್ಲ ಎಂದು ಲೆಕ್ಕ ಹಾಕಿದವರ ಲೆಕ್ಕ ತಪ್ಪುತ್ತದೆ. ಲೆಗೊ ಸ್ಟಾರ್ ವಾರ್ಸ್ ಶುರುವಾದದ್ದು 1999ರಲ್ಲಿ, ಅಂದಿನಿಂದ ಇಂದಿನವರೆಗೆ ಈ ಸರಣಿ ನಿಂತಿದ್ದಿಲ್ಲ. ಒಂದು ಎಕ್ಸ್-ವಿಂಗ್ ಹೋದರೆ ಇನ್ನೊಂದು ಬರಲೇಬೇಕು.

ಇಲ್ಲೇ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರದ ಎಳೆ ಇದೆ. ಹಡಗನ್ನು ಮತ್ತೆ ಮಾಡುತ್ತಾರೆ, ಆದರೆ ಹಳೆಯ ಪ್ರಿಂಟನ್ನು ಇದ್ದ ಹಾಗೇ ಮತ್ತೆ ಹಾಕುವುದು ಅಪರೂಪ. 2018ರಲ್ಲಿ 2812 ಭಾಗಗಳ ಹೊಸ ಕ್ಲೌಡ್ ಸಿಟಿ 75222 ಬಂತು, ಅದರಲ್ಲೂ ಬೋಬಾ ಫೆಟ್ ಇದ್ದ. ಆದರೂ 2003ರ ಬೋಬಾ ಫೆಟ್ ಹುಡುಕುವವರು ಕಡಿಮೆಯಾಗಲಿಲ್ಲ, ಏಕೆಂದರೆ ಅವರಿಗೆ ಬೇಕಿದ್ದದ್ದು ಆ ಪಾತ್ರವಲ್ಲ, ಆ ವರ್ಷದ ಆ ಪ್ರಿಂಟ್. ಹಾಗೆಂದು ಎಲ್ಲ ಫಿಗರ್‌ಗೂ ಇದು ಅನ್ವಯಿಸುವುದಿಲ್ಲ. ಬಹಳ ಮಂದಿಗೆ ಬೇಕಾಗಿರುವುದು ಪಾತ್ರವೇ. ಕ್ಲೋನ್ ಸೈನಿಕ ಕ್ಯಾಪ್ಟನ್ ರೆಕ್ಸ್ ದುಬಾರಿ ಸೆಟ್‌ಗಳಲ್ಲಷ್ಟೇ ಸಿಗುವ ಫಿಗರ್ ಎಂದು ಜನ ಅಂದುಕೊಂಡಿದ್ದಾಗಲೇ 2024ರಲ್ಲಿ ಒಂದು ಪುಟ್ಟ ಮೈಕ್ರೋಫೈಟರ್ ಸೆಟ್‌ನಲ್ಲಿ ಬಂದು ಕೂತ. ಕಪಾಟಿನಲ್ಲಿ ರೆಕ್ಸ್ ಒಬ್ಬ ಇದ್ದರೆ ಸಾಕು ಎನ್ನುವವರು ಅಲ್ಲಿಗೆ ಹಳೆಯದನ್ನು ಹುಡುಕುವುದನ್ನು ಬಿಟ್ಟರು. ಬಿಡಿ ಫಿಗರ್‌ಗೆ ದುಡ್ಡು ಸುರಿಯುವ ಮುನ್ನ ನಿಮ್ಮನ್ನೇ ಕೇಳಿಕೊಳ್ಳಿ: ನನಗೆ ರೆಕ್ಸ್ ಬೇಕೋ, ಈ ರೆಕ್ಸೇ ಬೇಕೋ? ಮೊದಲನೆಯದಾದರೆ ಕಾಯಿರಿ. ಕಾದವರಿಗೆ ಲೆಗೊ ಯಾವತ್ತೂ ಒಳ್ಳೆಯದನ್ನೇ ಕೊಟ್ಟಿದೆ.

ಸೆಟ್ಟೋ ಬಿಡಿ ಫಿಗರೋ, ಈ ಎರಡರ ನಡುವೆ ನನ್ನ ಒಲವು ಎತ್ತ ಎಂದು ಮುಚ್ಚಿಡುವುದಿಲ್ಲ. ಸೆಟ್ ಕೊಳ್ಳಿ, ಬಾಕ್ಸ್ ಒಡೆಯಿರಿ, ಕಟ್ಟಿ. ಸ್ಟಿಕ್ಕರ್ ಹಾಳೆಯ ಅಂಟು ಬಾಕ್ಸ್‌ನೊಳಗೆ ಇದ್ದರೂ ಒಣಗುತ್ತದೆ, ಹಳೆಯ ಎಕ್ಸ್-ವಿಂಗ್‌ಗಳ ರೆಕ್ಕೆ ಎಳೆದು ಹಿಡಿಯುವ ರಬ್ಬರ್‌ಬ್ಯಾಂಡ್ ಕೂಡ. ಒಡೆಯದ ಬಾಕ್ಸ್ ಎಂದರೆ ಒಳಗಿರುವುದು ಹೊಸದಾಗಿಯೇ ಉಳಿದಿರುತ್ತದೆ ಎಂದೇನಿಲ್ಲ. ಒಡೆಯದ ಬಾಕ್ಸ್‌ನ ಒಳಗೆ ಲೆಗೊವೇ ಇದೆ ಎಂದೂ ಇಲ್ಲ. ಸೀಲನ್ನು ನಯವಾಗಿ ಬಿಡಿಸಿ ತೂಕಕ್ಕೆ ಇನ್ನೇನೋ ತುಂಬಿ ಮತ್ತೆ ಅಂಟಿಸಿದ ಬಾಕ್ಸ್‌ಗಳು ಮಾರುಕಟ್ಟೆಯಲ್ಲಿ ತಿರುಗುತ್ತವೆ, ಅದನ್ನು ಒಡೆಯದೆ ಪತ್ತೆ ಮಾಡುವುದು ಕಷ್ಟ.

ಸಂಗ್ರಹಕ್ಕೆ ಒಂದು ಗೆರೆ ಹಾಕಿಕೊಳ್ಳಿ, ಅದು ಇಕ್ಕಟ್ಟಾಗಿದ್ದಷ್ಟೂ ಒಳ್ಳೆಯದು. ಇಲ್ಲಿಯವರೆಗೆ ಬಂದ ಎಲ್ಲ ಸ್ಟಾರ್ ವಾರ್ಸ್ ಸೆಟ್ ಕೂಡಿಸುತ್ತೇನೆ ಎಂದು ಹೊರಟವರ ಮನೆಯಲ್ಲಿ ಜಾಗ ಮೊದಲು ಮುಗಿಯುತ್ತದೋ ದುಡ್ಡು ಮೊದಲು ಮುಗಿಯುತ್ತದೋ ಹೇಳಲಾಗದು. ಒಂದೇ ಹಡಗು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು ಎಂದು ಕೂಡಿಸಬಹುದು, ನಿಮಗೆ ಎಕ್ಸ್-ವಿಂಗ್ ಹೇಳಿ ಮಾಡಿಸಿದ್ದು. 1999ರ 7140ರಿಂದ ಶುರು ಮಾಡಿದರೆ ಲೆಗೊ ವಿನ್ಯಾಸದ ಕಾಲು ಶತಮಾನ ಒಂದೇ ಕಪಾಟಿನಲ್ಲಿ ಕಾಣುತ್ತದೆ: ಮೊದಲು ಮೂಗು ಮೊಂಡು, ಎಲ್ಲೆಲ್ಲೂ ಸ್ಟಡ್‌ಗಳು, ಬರಬರುತ್ತಾ ಮೈ ನುಣುಪಾಗಿ ಅಳತೆ ಸರಿಹೋದದ್ದು.

ನನ್ನ ಮೆಚ್ಚಿನ ಗೆರೆ ಹಳದಿ ಮುಖದ ಕಾಲ. 1999ರಿಂದ 2003ರವರೆಗೆ ಲ್ಯೂಕ್, ಹಾನ್, ಲೇಯಾ ಎಲ್ಲರಿಗೂ ಲೆಗೊದ ಮಾಮೂಲಿ ಹಳದಿ ಮುಖವೇ. 2003ರ ಅದೇ ಕ್ಲೌಡ್ ಸಿಟಿ ಸೆಟ್‌ನಲ್ಲಿ ಲ್ಯಾಂಡೋಗೆ ಕಂದು ಮೈಬಣ್ಣ ಕೊಟ್ಟರು. ಪಕ್ಕದಲ್ಲೇ ಹಾನ್ ಇನ್ನೂ ಹಳದಿ. 2004ರಿಂದ ಸ್ಟಾರ್ ವಾರ್ಸ್‌ನಂತೆ ಪರವಾನಗಿ ಪಡೆದು ಮಾಡುವ ಸರಣಿಗಳ ಫಿಗರ್‌ಗಳೆಲ್ಲ ಸಹಜ ಮೈಬಣ್ಣಕ್ಕೆ ಬಂದವು. ಹಾಗಾಗಿ ಈ ಗೆರೆಗೆ ಎರಡೂ ತುದಿ ಖಚಿತವಾಗಿವೆ, ಒಂದು ದಿನ ಮುಗಿಸಬಹುದಾದ ಸಂಗ್ರಹ ಅದು. ಬೋಬಾ ಫೆಟ್ ಒಬ್ಬನನ್ನು ಬಿಟ್ಟರೆ ಹೆಚ್ಚಿನವು ಕೈಗೆಟಕುವ ಬೆಲೆಯಲ್ಲೇ ಇವೆ, ಯಾಕೆಂದರೆ ಈಗಿನ ಹುಡುಗರಿಗೆ ಆ ಸರಳ ನಗುಮುಖ ಹಿಡಿಸುವುದಿಲ್ಲ.

ಇನ್ನು ಅಪರೂಪಕ್ಕೆಂದೇ ಮಾಡಿದ ಫಿಗರ್‌ಗಳು. 2007ರಲ್ಲಿ ಸ್ಟಾರ್ ವಾರ್ಸ್‌ನ ಮೂವತ್ತನೇ ವರ್ಷಕ್ಕೆ ಹತ್ತು ಸಾವಿರ ಕ್ರೋಮ್ ಚಿನ್ನದ ಸಿ-ತ್ರೀಪಿಓ ರೋಬೋಟ್ ಫಿಗರ್‌ಗಳನ್ನು ಮಾಡಿ ಸೆಟ್‌ಗಳಲ್ಲಿ ಎಲ್ಲೆಂದರಲ್ಲಿ ಸೇರಿಸಿಬಿಟ್ಟರು. ಅದರ ಮೇಲಿನ ಕ್ರೋಮ್ ಬೆರಳು ತಾಗಿ ತಾಗಿ ಸವೆಯುತ್ತದೆ. ಕೊಳ್ಳುವುದಾದರೆ ಮೊಣಕಾಲು, ಕೈ, ತಲೆಯ ಅಂಚು ನೋಡಿ ಕೊಳ್ಳಿ. ನನಗೆ ಇಂಥವುಗಳಲ್ಲಿ ಆಸಕ್ತಿ ಕಡಿಮೆ, ಆಡಲೂ ಆಗದು ಮುಟ್ಟಲೂ ಆಗದು. 2007ರಲ್ಲೇ ಶುರುವಾದ ಬ್ಯಾಟಲ್ ಪ್ಯಾಕ್‌ಗಳು ಇದಕ್ಕೆ ತದ್ವಿರುದ್ಧ: ಸಣ್ಣ ಬಾಕ್ಸ್, ನಾಲ್ಕಾರು ಸೈನಿಕರು. ಕ್ಲೋನ್ ಪಡೆ ಕಟ್ಟುವ ಆಸೆ ಮಗಳಿಗಿದ್ದರೆ ಅವೇ ಸಾಕು.

ಕೊನೆಗೆ ದೊಡ್ಡಪ್ಪನ ಮಗ ಕೊಟ್ಟ ಡಬ್ಬ. ನಿಮ್ಮ ಪ್ರಶ್ನೆಯಲ್ಲಿ ನನಗೆ ಬಾಯಲ್ಲಿ ನೀರೂರಿಸಿದ್ದು ಅದೇ. ಎರಡು ಥರದ ಬೂದು ಎಂದಿರಿ, ಕಣ್ಣು ಚುರುಕಾಗಿದೆ. 2004ರ ಸುಮಾರಿಗೆ ಲೆಗೊ ತನ್ನ ತಿಳಿ ಬೂದು, ಕಡು ಬೂದು ಎರಡನ್ನೂ ಬದಲಿಸಿತು. ಹಳೆಯ ಬೂದು ತುಸು ಹಳದಿಯ ಕಡೆಗೆ, ಹೊಸದು ತುಸು ನೀಲಿಯ ಕಡೆಗೆ. ಹಡಗುಗಳೆಲ್ಲ ಬೂದೇ ಆಗಿರುವ ಸ್ಟಾರ್ ವಾರ್ಸ್ ಸಂಗ್ರಹಕಾರರಿಗೆ ಇದು ಬಿದ್ದಷ್ಟು ಪೆಟ್ಟು ಬೇರೆ ಯಾರಿಗೂ ಬೀಳಲಿಲ್ಲ. ಹಳೆಯ ಸೆಟ್‌ನಲ್ಲಿ ಕಳೆದ ನಾಲ್ಕು ಭಾಗಗಳ ಜಾಗಕ್ಕೆ ಹೊಸ ಬೂದು ಹಾಕಿದರೆ ತೇಪೆ ಹಾಕಿದ್ದು ದೂರದಿಂದಲೇ ಕಾಣುತ್ತದೆ. ಆದ್ದರಿಂದ ಮೊದಲ ಕೆಲಸ, ಟ್ಯೂಬ್‌ಲೈಟ್ ಆರಿಸಿ ಕಿಟಕಿಯ ಬೆಳಕಿನಲ್ಲಿ ಎರಡು ರಾಶಿ ಮಾಡುವುದು. ಹಳೆಯ ಬೂದಿನ ರಾಶಿ ಅಂದರೆ 1999ರಿಂದ 2003ರ ಆಸುಪಾಸಿನ ಸೆಟ್‌ಗಳು, ಹಳದಿ ಮುಖದ ಕಾಲದ್ದೇ.

ಆಮೇಲೆ ಮಾಮೂಲಿ ಇಟ್ಟಿಗೆಗಳನ್ನು ಬದಿಗಿಟ್ಟು ವಿಚಿತ್ರ ಭಾಗಗಳನ್ನು ಆರಿಸಿ: ಕಾಕ್‌ಪಿಟ್‌ನ ಗಾಜು, ಪ್ರಿಂಟ್ ಇರುವ ಫಲಕ, ಫಿಗರ್‌ನ ಎದೆಭಾಗ. ಹೆಚ್ಚಿನ ಭಾಗಗಳ ಒಳಮೈಯಲ್ಲಿ ಪುಟ್ಟ ಸಂಖ್ಯೆ ಇರುತ್ತದೆ, ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಸ್ಟಡ್ ಇರುವ ಮಾಮೂಲಿ ಇಟ್ಟಿಗೆಗೆ 3001 ಇದ್ದ ಹಾಗೆ. ಬ್ರಿಕ್‌ಲಿಂಕ್‌ನಲ್ಲಿ ಆ ಸಂಖ್ಯೆ, ಬಣ್ಣ ಕೊಟ್ಟು ಹುಡುಕಿದರೆ ಅದು ಯಾವ ಯಾವ ಸೆಟ್‌ನಲ್ಲಿತ್ತು ಎಂಬ ಪಟ್ಟಿ ಬರುತ್ತದೆ. ಎರಡು ಮೂರು ವಿಚಿತ್ರ ಭಾಗಗಳ ಪಟ್ಟಿಯಲ್ಲೂ ಒಂದೇ ಸೆಟ್ ಕಂಡರೆ ಅದು ನಿಮ್ಮ ಡಬ್ಬದಲ್ಲಿದೆ. ಹಳೆಯ ಸೆಟ್‌ಗಳ ಕಟ್ಟುವ ಕೈಪಿಡಿಗಳು ಲೆಗೊ ತಾಣದಲ್ಲೇ ಪುಕ್ಕಟೆ ಸಿಗುತ್ತವೆ. ಕಡಿಮೆ ಬಿದ್ದ ಭಾಗಗಳನ್ನಷ್ಟೇ ಬಿಡಿಯಾಗಿ ಕೊಂಡರೆ ಆಯಿತು.

ತೊಳೆಯುವುದಾದರೆ 40 ಡಿಗ್ರಿ ಮೀರದ ನೀರು, ಸೌಮ್ಯ ಸೋಪು, ಕೈಯಿಂದಲೇ. ವಾಷಿಂಗ್ ಮೆಷಿನ್ ಬೇಡ, ಬಿಸಿಲಿಗೂ ಹಾಕಬೇಡಿ, ಬಿಳಿ ಭಾಗ ಹಳದಿಯಾಗುತ್ತದೆ. ಹಳದಿಯಾದದ್ದನ್ನು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿ ಬೆಳ್ಳಗೆ ಮಾಡಬಹುದು, ಆದರೆ ಮತ್ತೆ ಹಳದಿಯಾಗುವುದುಂಟು. ಪ್ರಿಂಟ್ ಇರುವ ಭಾಗಗಳ ಮೇಲಂತೂ ಆ ಪ್ರಯೋಗ ಬೇಡ. ಸ್ಟಿಕ್ಕರ್ ಇರುವ ಭಾಗ, ದೀಪ ಬ್ಯಾಟರಿ ಇರುವ ಭಾಗ, ಕೇಪ್ ಇವು ನೀರಿಗೆ ಇಳಿಯಬಾರದು. ಒಂದಕ್ಕೊಂದು ಕಚ್ಚಿಕೊಂಡಿರುವ ಭಾಗಗಳನ್ನು ಹಲ್ಲಿನಿಂದ ಬಿಡಿಸಬೇಡಿ, ಮಗಳಿಗೂ ಹೇಳಿ. ಅದಕ್ಕೆಂದೇ ಲೆಗೊದ ಬ್ರಿಕ್ ಸೆಪರೇಟರ್ ಇದೆ. ಹೊಸ ಬೂದಿನ ರಾಶಿಯ ಜೊತೆ ಸಿಗುವ ಕೆಂಗಂದು ಮತ್ತು ಕಡುಗೆಂಪು ಭಾಗಗಳಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ರಿಪಬ್ಲಿಕ್ ಹಡಗುಗಳ ಮೈಮೇಲಿನ ಪಟ್ಟೆಗಳಲ್ಲಿ ಇರುವುದು ಆ ಕಡುಗೆಂಪೇ. ಆ ಎರಡು ಬಣ್ಣಗಳ ಪ್ಲಾಸ್ಟಿಕ್ ಕೆಲವು ವರ್ಷ ಬಹಳ ಪೆಡಸಾಗಿ ಬಂದಿತ್ತು, ಕ್ಲಿಪ್‌ಗಳು ಮುಟ್ಟಿದರೆ ಟಕ್ಕನೆ ಮುರಿಯುತ್ತವೆ. ಅವು ಬೇರೆ ಭಾಗಕ್ಕೆ ಸಿಕ್ಕಿಕೊಂಡಿದ್ದರೆ ಬಿಡಿಸಲು ಹೋಗದೆ ಹಾಗೇ ಒಂದು ಚೀಲಕ್ಕೆ ಹಾಕಿಡಿ, ಯಾವ ಸೆಟ್‌ನದ್ದು ಎಂದು ಗೊತ್ತಾಗಿ ಬದಲಿ ಭಾಗ ಕೈಗೆ ಬಂದ ಮೇಲೆ ಬಿಡಿಸಿದರೆ ಸಾಕು.